ಕ್ಯಾನ್ವಾಸ್ ಮೇಲಿನ ಗೆರೆ ಮಾಸಬಾರದೆಂದರೆ ಯಾವ ಪೆನ್ನು ಕೊಳ್ಳಬೇಕು?

ಮಾರ್ಕರ್‌ನಲ್ಲಿ ಸ್ಕೆಚ್ ಹಾಕಿ ಅದರ ಮೇಲೆ ಬಣ್ಣ ಬಳಿದು ಚಿತ್ರ ಕೆಡಿಸಿಕೊಂಡವರನ್ನು ಬಹಳ ಮಂದಿ ನೋಡಿದ್ದೇನೆ. ನನ್ನದೇ ಒಂದು ಚಿತ್ರದಲ್ಲಿ ಬಿಳಿ ಮೋಡದ ಅಂಚಿನಲ್ಲಿ ವಾರದೊಳಗೆ ನೇರಳೆ ಛಾಯೆ ಇಣುಕಿತು. ಇನ್ನೊಂದು ಕೋಟ್ ಬಿಳಿ ಹೊಡೆದೆ. ಅದನ್ನೂ ದಾಟಿ ಮೇಲೆ ಬಂತು. ಅಡಿಯಲ್ಲಿದ್ದದ್ದು ಕಪ್ಪು ‘ಪರ್ಮನೆಂಟ್’ ಮಾರ್ಕರ್. ನೀರು ಬಿದ್ದರೆ ಅಳಿಸುವುದಿಲ್ಲ ಎಂಬುದಷ್ಟೇ ಆ ಪದದ ಭರವಸೆ. ಬಿಸಿಲಿಗೆ ಮಾಸುವುದಿಲ್ಲವೆಂದು ಅದು ಎಲ್ಲೂ ಹೇಳುವುದಿಲ್ಲ.

ಮೊದಲು ಕ್ಯಾನ್ವಾಸ್‌ಗೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮುನ್ನ ಬಳಿಯುವ ಬಿಳಿ ಅಡಿಪದರ, ಹಚ್ಚಿ, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ. ತರಿತರಿ ಮೈ ಪೆನ್ನಿನ ಮೊನೆಯನ್ನು ತಿಂದುಹಾಕುತ್ತದೆ.

ಆಮೇಲೆ ಲೇಬಲ್ ಓದಿ. ‘ಡೈ’ ಇದ್ದರೆ ಬೇಡ. ಅದು ದ್ರವದಲ್ಲಿ ಕರಗಿದ ಬಣ್ಣ, ಮೇಲಿನ ಪದರಕ್ಕೂ ಹರಿಯುತ್ತದೆ, ಬೆಳಕಿಗೂ ಬೇಗ ಸೋಲುತ್ತದೆ. ‘ಪಿಗ್ಮೆಂಟ್’, ಅಂದರೆ ದ್ರವದಲ್ಲಿ ಕರಗದ ಬಣ್ಣದ ಪುಡಿ, ಇರಲಿ. ಕಪ್ಪಿಗೆ ಪಿಬಿಕೆ 7 ಎಂಬ ಸಂಕೇತ ಕಂಡರೆ ಅದು ಇಂಗಾಲದ ಕಪ್ಪು, ಕಣ್ಣುಮುಚ್ಚಿ ಕೊಳ್ಳಿ. ಗುಣಮಟ್ಟದ ಮಾನದಂಡ ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಬೆಳಕು ತಾಳಿಕೆಯ ದರ್ಜೆ ಕೊಟ್ಟಿದ್ದರೆ 1 ಅಥವಾ 2 ಮಾತ್ರ. ಫ್ಲೋರೊಸೆಂಟ್ ಬಣ್ಣ, ಬಾಲ್‌ಪೆನ್, ಮಕ್ಕಳ ಸ್ಕೆಚ್ ಪೆನ್ ಇವನ್ನು ಕ್ಯಾನ್ವಾಸ್ ಹತ್ತಿರವೂ ತರಬೇಡಿ.

ಎಲ್ಲರೂ ಎಡವುವುದು ಪರೀಕ್ಷೆಯಲ್ಲಿ. ಅಂದರೆ ಯಾರೂ ಅದನ್ನು ಮಾಡುವುದೇ ಇಲ್ಲ. ಜೆಸ್ಸೊ ಹಚ್ಚಿದ ಕ್ಯಾನ್ವಾಸ್‌ನ ಎರಡು ಪಟ್ಟಿ ಕತ್ತರಿಸಿ. ಎರಡರಲ್ಲೂ ಪ್ರತಿ ಪೆನ್ನಿನಿಂದ ಒಂದು ದಪ್ಪ, ಒಂದು ತೆಳು ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಪೆನ್ನಿನ ಹೆಸರು, ತಾರೀಖು ಬರೆಯಿರಿ. ಒಂದು ದಿನ ಪೂರ್ತಿ ಒಣಗಲಿ. ಮೊದಲ ಪಟ್ಟಿಯ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಮೂರು ತಿಂಗಳು ಬಿಡಿ. ನಡುವೆ ಫಾಯಿಲ್ ಬಿಚ್ಚಿ ನೋಡುವ ಆಸೆ ತಡೆದುಕೊಳ್ಳಿ. ಕೊನೆಗೆ ಬಿಚ್ಚಿದಾಗ ಗೆರೆಯ ಎರಡು ಭಾಗಗಳ ನಡುವೆ ಗಡಿ ಕಂಡರೆ ಆ ಪೆನ್ನು ಕ್ಯಾನ್ವಾಸ್‌ಗೆ ಆಗದು. ಎರಡನೇ ಪಟ್ಟಿಯ ಗೆರೆಗಳನ್ನು ಮೊದಲು ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ನಂತರ ಅರ್ಧಕ್ಕೆ ಬಿಳಿ ಅಕ್ರಿಲಿಕ್, ಉಳಿದರ್ಧಕ್ಕೆ ನೀವು ಬಳಸುವ ವಾರ್ನಿಷ್ ಹಚ್ಚಿ. ಬಿಳಿಯ ಭಾಗವನ್ನು ಎರಡು ವಾರವಾದರೂ ಗಮನಿಸಿ. ಬಣ್ಣ ಮೇಲೇರುವುದು ಹಚ್ಚಿದ ದಿನವೇ ಕಾಣುವುದಿಲ್ಲ. ವಾರ್ನಿಷ್ ಭಾಗದಲ್ಲಿ ಗೆರೆಯ ಅಂಚು ಹರಡಿದೆಯೇ ಎಂದು ಭೂತಕನ್ನಡಿಯಲ್ಲಿ ನೋಡಿ.

ಅಷ್ಟು ಕಾಯಲಾಗದವರು ಪೆನ್ಸಿಲ್ ಹಿಡಿಯಿರಿ. ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಆದರೆ ತೈಲವರ್ಣದಡಿ ಒತ್ತಿ ಬರೆಯಬೇಡಿ. ವರ್ಷಗಳು ಕಳೆದಂತೆ ತೈಲಪದರ ಪಾರದರ್ಶಕವಾಗುತ್ತ ಹೋಗಿ ಗೆರೆ ಹೊರಗೆ ಕಾಣುತ್ತದೆ. ಇದ್ದಿಲಿನಲ್ಲಿ ಬರೆದರೆ ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ಹೊಡೆಯಲೇಬೇಕು. ನನ್ನನ್ನು ಕೇಳಿದರೆ, ತೆಳು ಮಾಡಿದ ಅಕ್ರಿಲಿಕ್ ಬಣ್ಣದಲ್ಲಿ ಸಣ್ಣ ಕುಂಚದಿಂದ ಎಳೆದ ಗೆರೆಗೆ ಸಾಟಿಯಿಲ್ಲ.

ಗೆರೆ ಬಣ್ಣದಡಿ ಮುಚ್ಚಿಹೋಗದೆ ಮೇಲೆಯೇ ಕಾಣುವ ಚಿತ್ರವಾದರೆ ಪಿಗ್ಮೆಂಟ್ ಅಕ್ರಿಲಿಕ್ ಮಾರ್ಕರ್ ಬಳಸಿ. ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ. ಮೊನೆಯನ್ನು ಒತ್ತಿ ಬಣ್ಣ ಇಳಿಸುವುದು ರದ್ದಿ ಕಾಗದದ ಮೇಲೆ, ಚಿತ್ರದ ಮೇಲಲ್ಲ. ವಾರ್ನಿಷ್‌ನ ಮೊದಲ ಕೋಟ್ ತೆಳುವಾದ ಸ್ಪ್ರೇ ಆಗಿರಲಿ, ಕುಂಚ ಆಮೇಲೆ. ಪರೀಕ್ಷೆಯ ಪಟ್ಟಿಗಳನ್ನು ಎಸೆಯದೆ ಪೆನ್ನಿನ ಡಬ್ಬಿಯಲ್ಲೇ ಇಡಿ, ಮುಂದಿನ ಸಲ ಕೊಳ್ಳಲು ಹೊರಟಾಗ ಬೇಕಾಗುತ್ತವೆ.