ಕಲಬುರಗ್ಯಾಗ ಮನಿ ತಗೊಂಡು ಬಾಡಿಗಿಗಿ ಕೊಟ್ಟಿದ್ದು: ನನ್ನ ಅನುಭವ

ನಾನು ನರ್ಸ್ ಕೆಲಸ ಮಾಡಾಕಿ. ವರ್ಷಾನುಗಟ್ಟಲೆ ನೈಟ್ ಡ್ಯೂಟಿ ಮಾಡಿ ಕೂಡಿಸಿದ ರೊಕ್ಕಕ್ಕ ಬ್ಯಾಂಕ್ ಸಾಲ ಸೇರ್ಸಿ 2017ರಾಗ ಸೇಡಂ ರೋಡ್ ಕಡಿ ಒಂದು ಹಳೇ ಮನಿ ತಗೊಂಡೆ, 30-40 ಜಾಗ, ಕೆಳಗೊಂದು ಮ್ಯಾಲೊಂದು, ಎರಡೂ ಬಾಡಿಗಿಗಿ ಕೊಡೋ ಸಲುವಾಗೇ. ಈಗ ನಮ್ಮ ವಾರ್ಡಿನ ಹುಡುಗ್ಯಾರು "ಅಕ್ಕಾ ನಾವೂ ಒಂದು ತಗೋಬೇಕಂತೀವಿ, ಹೆಂಗ ಮಾಡೋದು" ಅಂತ ಕೇಳ್ತಿರ್ತಾರ, ಚಹಾ ಕುಡಿಯೋದ್ರಾಗ ಅರ್ಧ ಹೇಳಿ ಎದ್ದು ಹೋಗಬೇಕಾಗ್ತದ, ಅದಕ ಇಲ್ಲಿ ಪೂರಾ ಬರೀಲಾಕತ್ತೀನಿ.

ಮೊದಲು ಲೆಕ್ಕ. ಮನಿ 38 ಲಕ್ಷ, ಸಾಲ 24 ಲಕ್ಷ, 20 ವರ್ಷಕ್ಕ ಕಂತು ತಿಂಗಳಿಗಿ ಸುಮಾರು 21 ಸಾವಿರ. ತೋರ್ಸಿದ ಏಜೆಂಟ್ "ಮೇಡಂ ಎರಡೂ ಸೇರಿ 18 ಸಾವಿರ ಬಾಡಿಗಿ ಬರ್ತದ, ಕಂತು ತಾನೇ ತೀರ್ತದ" ಅಂದ, ನಾನೂ ನಂಬಿದೆ. ಬಂದಿದ್ದು ಕೆಳಗಿಂದು 7 ಸಾವಿರ, ಮ್ಯಾಲಿಂದು 5,500. ಅಂದ್ರ ಪ್ರತಿ ತಿಂಗಳು 8,500 ನನ್ನ ಪಗಾರದಿಂದ ಹಾಕಬೇಕು, ಮ್ಯಾಲ ಟ್ಯಾಕ್ಸ್, ರಿಪೇರಿ, ಬಣ್ಣ ಬ್ಯಾರೆ. ಏಜೆಂಟನ್ನ ಕೇಳೋ ಬದ್ಲಿ ಅದೇ ಓಣ್ಯಾಗ ಬಾಡಿಗಿ ಇದ್ದ ನಾಕು ಮಂದಿಗಿ ಕೇಳಿದ್ರ ಖರೆ ರೇಟ್ ಗೊತ್ತಾಗ್ತಿತ್ತು, ಅದು ಒಂದು ಸಂಜಿ ಕೆಲಸ, ನಾನು ಮಾಡ್ಲಿಲ್ಲ. ಈಗ ಯಾರರ ಕೇಳಿದ್ರ ನಾ ಹೇಳೋದು ವರ್ಷಕ್ಕ 12 ತಿಂಗಳು ಹಿಡೀಬ್ಯಾಡ್ರಿ, 10 ತಿಂಗಳದ ಬಾಡಿಗಿ ಹಿಡೀರಿ, ಅದಕ್ಕೂ ಕಂತಿಗೂ ನಡುವಿನ ರೊಕ್ಕ ಪಗಾರದಾಗ ಹೊಂದ್ತದೇನು ನೋಡ್ರಿ, ಹೊಂದಲಿಲ್ಲಂದ್ರ ಸಣ್ಣ ಮನಿ ನೋಡ್ರಿ ಇಲ್ಲಾ ಇನ್ನ ಎರಡು ವರ್ಷ ತಡೀರಿ. ರಿಜಿಸ್ಟ್ರಿ ಖರ್ಚೂ ಮರೀಬ್ಯಾಡ್ರಿ, ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಮ್ಯಾಲ ಸೆಸ್ಸು ಸರ್ಚಾರ್ಜು, ನೋಂದಣಿ ಫೀ ನಾ ತಗೊಂಡಾಗ 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ ಕೊನಿಯಿಂದ 2 ಆಗ್ಯಾದ. ಈ ರೊಕ್ಕಕ್ಕ ಬ್ಯಾಂಕ್ ಹೆಚ್ಚಾಗಿ ಸಾಲ ಕೊಡಲ್ಲ, ಕೈಯಾಗೇ ಇರಬೇಕು.

ಈ ಮನಿಗಿಂತ ಮೊದ್ಲು ರಿಂಗ್ ರೋಡ್ ಆಚಿ ಒಂದು ಮನಿಗಿ 50 ಸಾವಿರ ಟೋಕನ್ ಕೊಟ್ಟಿದ್ದೆ. ಭಾಳ ಸೋವಿ ಇತ್ತು. ಬ್ಯಾಂಕಿನ ವಕೀಲರು ಕಾಗದ ನೋಡಿ ಇದು ಎನ್ಎ (ಕೃಷಿಯೇತರ ಜಮೀನು ಅಂತ ಬದಲಿ) ಆಗದ ಹೊಲದಾಗ ಗುಂಟೆ ಲೆಕ್ಕದಾಗ ಮಾರಿದ ಜಾಗ, ಲೇಔಟ್ ಅಪ್ರೂವಲ್ ಇಲ್ಲ, ಸಾಲ ಆಗಲ್ಲ ಅಂದ್ರು. ಟೋಕನ್ದಾಗ ಅರ್ಧ ಅಷ್ಟೇ ವಾಪಸ್ ಬಂತು. ಆಗ ಸಿಟ್ಟು ಬಂದಿತ್ತು, ಈಗ ಆ ವಕೀಲರಿಗಿ ಕೈ ಮುಗೀತೀನಿ. ನೀವು ಸಾಲ ತಗೊಳ್ಳದಿದ್ರೂ ವಕೀಲರಿಗಿ ತೋರ್ಸದೆ ಟೋಕನ್ ಕೊಡಬ್ಯಾಡ್ರಿ. ಇಸಿ, ಅಂದ್ರ ಆಸ್ತಿ ಮ್ಯಾಲಿನ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಾಗ ಮನ್ಯಾಗ ಕೂತೇ ತಗೀಬಹುದು, ಎನ್ಎ ಆರ್ಡರ್, ಲೇಔಟ್ ಅಪ್ರೂವಲ್, ಇ-ಖಾತಾ (ಪಾಲಿಕಿ ಆಸ್ತಿ ದಾಖಲೆ), ಟ್ಯಾಕ್ಸ್ ಕಟ್ಟಿದ ರಸೀದಿ, ಇಷ್ಟು ಕೈಯಾಗ ಬಂದಮ್ಯಾಲೇ ಮುಂದಿನ ಮಾತು.

ಈಗ ಮುಖ್ಯ ಮಾತಿಗಿ ಬರ್ತೀನಿ, ನೀರು ಮತ್ತ ಬಿಸಲು. ನಾನು ಮನಿ ನೋಡಿದ್ದು ಡಿಸೆಂಬರ್ದಾಗ, ಚೊಲೊ ಥಂಡಿ, ಬೋರಿನಾಗ ನೀರು ಭರ್ಜರಿ. ಏಪ್ರಿಲ್ ಬಂತು, ಬೋರ್ ಗಾಳಿ ಉಗುಳ್ಲಾಕ ಹತ್ತಿತು, ನಳ ಬರೋದು ನಾಕು ದಿನಕ್ಕೊಮ್ಮಿ, ಸಂಪ್ ಅನ್ನೋದೇ ಇದ್ದಿಲ್ಲ. ಮ್ಯಾಲಿನ ಮನ್ಯಾಗ ಒಂದು ಸಣ್ಣ ಕೂಸಿನ ತಾಯಿ ಇದ್ಲು, 42-43 ಡಿಗ್ರಿ ಬಿಸಲಿಗಿ ಸ್ಲ್ಯಾಬ್ ಕಾದು ರಾತ್ರಿ ಹತ್ತಕ್ಕೂ ಒಳಗ ಕೂಡ್ಲಾಕ ಆಗ್ತಿದ್ದಿಲ್ಲ, ಕರೀ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡ್ತಿತ್ತು. ಮೇ ತಿಂಗಳದಾಗ ಬಿಟ್ಟು ಹೋದ್ರು, ಮೂರು ತಿಂಗಳು ಖಾಲಿ. ಅವರದೇನೂ ತಪ್ಪಿಲ್ಲ, ಆ ಮನ್ಯಾಗ ನಾನೂ ಇರ್ತಿದ್ದಿಲ್ಲ.

ಆಮ್ಯಾಲ ಬಂಗಾರ ಅಡಾ ಇಟ್ಟು 6 ಸಾವಿರ ಲೀಟರಿನ ಸಂಪ್ ಕಟ್ಟಿಸ್ದೆ, ಎರಡೂ ಮನಿಗಿ ಬ್ಯಾರೆ ಬ್ಯಾರೆ ಟ್ಯಾಂಕ್, ಟ್ಯಾಂಕಿನ ಮ್ಯಾಲ ಪತ್ರಾದ ನೆರಳು, ಮಾಳಗಿಗಿ ಪ್ರತಿ ಫೆಬ್ರವರಿ ಬಿಳೀ ಕೋಟಿಂಗ್. ಬಣ್ಣ ಹಚ್ಚಿದ ವರ್ಷನೇ ಮ್ಯಾಲಿನವರು "ಅಕ್ಕಾ ಈ ಸಲ ನಿದ್ದಿ ಬರ್ಲಾಕತ್ತದ" ಅಂದ್ರು. ಇನ್ನೊಂದು, ಯಾರೋ ಹೇಳಿದ್ರು ಅಂತ ಮ್ಯಾಲಿನ ಮನಿ ಶಹಾಬಾದ್ ಕಲ್ಲಿನ ಫರ್ಸಿ ಕಿತ್ತಿ ಟೈಲ್ಸ್ ಹಾಕ್ಸಿದ್ದೆ, 60 ಸಾವಿರ ಹೋಯ್ತು, ಬಾಡಿಗಿ ಏರಿದ್ದು 300 ರೂಪಾಯಿ. ಕೆಳಗ ಫರ್ಸಿ ಹಂಗೇ ಬಿಟ್ಟೀನಿ, ಪಾಲಿಶ್ ಹೊಡ್ಸೀನಿ ಅಷ್ಟೇ, ಬ್ಯಾಸಗ್ಯಾಗ ಆ ಫರ್ಸಿ ಮ್ಯಾಲ ಮಕ್ಕಳು ಹಾಸಿಗಿ ಇಲ್ಲದೇ ಮಲಗ್ತಾವ. ಆ ರೊಕ್ಕ ಮೊದ್ಲು ಸಂಪಿಗಿ ಹಾಕಿದ್ರ ಆ ತಾಯಿ ಕೂಸಿನ ಜೋಡಿ ಮನಿ ಬಿಟ್ಟು ಹೋಗ್ತಿದ್ದಿಲ್ಲ. ಅದಕ ಮನಿ ನೋಡೋದಿದ್ರ ಏಪ್ರಿಲ್-ಮೇದಾಗ ನೋಡ್ರಿ, ಮಧ್ಯಾಹ್ನ ಮೂರು ಗಂಟಿಗಿ ಮ್ಯಾಲಿನ ಮನ್ಯಾಗ ಅರ್ಧಾ ತಾಸು ಕೂಡ್ರಿ, ನಳ ತಿರುವಿ ನೋಡ್ರಿ.

ಮೀಟರ್ ಬಗ್ಗಿ. ಒಂದೇ ಮೀಟರ್ ಇತ್ತು, ಪ್ರತಿ ತಿಂಗಳು ಕೆಳಗಿನವರಿಗೂ ಮ್ಯಾಲಿನವರಿಗೂ ಜಗಳ, ಫ್ರಿಜ್ ಯಾರದು ಕೂಲರ್ ಯಾರದು ಅಂತ. ಕರೆಂಟ್ ಕಂಪನಿ ಜೆಸ್ಕಾಂಗ ಅರ್ಜಿ ಹಾಕಿ ಎರಡನೇ ಆರ್‌ಆರ್ ನಂಬರ್, ಅಂದ್ರ ಬ್ಯಾರೆ ಮೀಟರಿನ ನಂಬರ್, ತಗೊಂಡೆ. ಆಮ್ಯಾಲ 2023ರಾಗ ಸರ್ಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಬಂತು, 200 ಯೂನಿಟ್ ಒಳಗ ಬಾಡಿಗಿ ಇರೋರಿಗೂ ಸಿಗ್ತದ, ಆದ್ರ ಮೀಟರ್ ಬ್ಯಾರೆ ಇರಬೇಕು, ಈಗ ಮನಿ ನೋಡ್ಲಾಕ ಬಂದೋರು ಮೊದ್ಲು ಕೇಳೋದೇ ಅದು. ಒಂದು ಜ್ವಾಕಿ, ಖಾಲಿ ಮಾಡೋರು ತಮ್ಮ ಆಧಾರ್ ಆ ನಂಬರಿನಿಂದ ಡಿ-ಲಿಂಕ್ ಮಾಡಿ ಹೋಗಬೇಕು, ಇಲ್ಲಂದ್ರ ಅವರಿಗೂ ಹೊಸ ಮನ್ಯಾಗ ತೊಂದ್ರಿ, ನಿಮ್ಮ ಹೊಸಬರಿಗೂ ತೊಂದ್ರಿ, ನಾನು ಕೀಲಿ ತಗೊಳ್ಳೋ ದಿನಾನೇ ಎದುರಿಗಿ ಕೂತು ಮಾಡಿಸ್ತೀನಿ.

ಕಾಗದ ಇಲ್ಲದೇ ಯಾರಿಗೂ ಕೀಲಿ ಕೊಡಬ್ಯಾಡ್ರಿ, ಪರಿಚಯದವರಾದ್ರೂ. ನಾನು ಒಬ್ಬರಿಗಿ ಬಾಯಿಮಾತಿನ ಮ್ಯಾಲ ಕೊಟ್ಟು ನಾಕು ತಿಂಗಳು ಬಾಡಿಗಿ ಇಲ್ಲದೇ ಕೂತೆ, ಕೇಳ್ಲಾಕ ಹೋದ್ರ ಸಂಬಂಧನೂ ಹೋಯ್ತು. ಬಾಡಿಗಿ ಕರಾರು 11 ತಿಂಗಳ ಬಾಂಡ್ ಯಾಕ ಮಾಡ್ತಾರ ಅಂದ್ರ ಒಂದು ವರ್ಷಕ್ಕಿಂತ ಹೆಚ್ಚಿಂದಾದ್ರ ರಿಜಿಸ್ಟರ್ ಮಾಡಿಸ್ಲೇಬೇಕಾಗ್ತದ. ನಾನು ಇನ್ನೊಂದು ನೋಡ್ತೀನಿ, ಅದು ಮೇ ತಿಂಗಳಿಗಿ ಮುಗಿಯೋ ಹಂಗ ಬರಿಸ್ತೀನಿ, ಯಾಕಂದ್ರ ಸಾಲಿ ಸೂಟಿ, ಟ್ರಾನ್ಸ್‌ಫರ್, ಕಾಲೇಜ್ ಅಡ್ಮಿಶನ್ ಎಲ್ಲಾ ಆವಾಗೇ, ಮನಿ ಹುಡುಕೋರು ಆವಾಗೇ ಬರ್ತಾರ. ನವೆಂಬರ್ದಾಗ ಖಾಲಿ ಆದ ಮನಿ ನಂದು ಒಮ್ಮಿ ಮಾರ್ಚ್ ತನಕ ಹಂಗೇ ಇತ್ತು.

ಡಿಪಾಸಿಟ್ ಬಗ್ಗಿ ಹೇಳ್ಲಾಕ ನನಗ ಈಗಲೂ ಸಂಕಟ ಆಗ್ತದ. ಕೆಳಗಿದ್ದ ಹುಡುಗ, ಅವರಪ್ಪಗ ಹಾರ್ಟ್ ಪ್ರಾಬ್ಲಮ್ ಆಯ್ತು, ಊರಿಗಿ ಹೋಗ್ತೀನಿ ಡಿಪಾಸಿಟ್ ಕೊಡ್ರಿ ಅಂದ. ಆ ರೊಕ್ಕ ನಾನು ಪೇಂಟಿಂಗಿಗಿ ಖರ್ಚು ಮಾಡಿಬಿಟ್ಟಿದ್ದೆ. ಅವತ್ತು ಆ ಹುಡುಗ ಬಾಗಲಾಗ ನಿಂತಿದ್ದ, ನಾನು ತಂಗಿ ಹತ್ರ ಕೈಗಡ ತಂದು ಮೂರನೇ ದಿನ ಕೊಟ್ಟೆ. ದವಾಖಾನ್ಯಾಗ ದಿನಾ ರೊಕ್ಕ ಇಲ್ಲದ ಮಂದಿ ಮುಖ ನೋಡಾಕಿ ನಾನೇ ಒಬ್ಬನ್ನ ಹಂಗ ನಿಲ್ಲಿಸಿದ್ದು ಮರೀಲಾಕ ಆಗಿಲ್ಲ. ಆಗಿಂದ ಡಿಪಾಸಿಟ್ ಬ್ಯಾರೆ ಖಾತೆದಾಗ ಇಡ್ತೀನಿ, ಮುಟ್ಟಲ್ಲ, ಮೂರು ತಿಂಗಳಕ್ಕಿಂತ ಹೆಚ್ಚು ತಗೊಳ್ಳೂದಿಲ್ಲ.

ಯಾರಿಗಿ ಕೊಡಬೇಕು ಅನ್ನೋದ್ರಾಗ ಓಣಿಯವರ ಮಾತು ಭಾಳ ಬರ್ತಾವ, ಅವರ ಜಾತಿ ಯಾವ್ದು, ಇವರು ಏನ್ ತಿಂತಾರ, ಒಂಟಿ ಹುಡುಗ್ಯಾರಿಗಿ ಯಾಕ ಕೊಡ್ತಿ. ಶರಣಬಸಪ್ಪನ ಗುಡಿಗೂ ಬಂದೇ ನವಾಜ್ ದರ್ಗಾಕ್ಕೂ ಒಂದೇ ಭಕ್ತಿಯಿಂದ ಹೋಗೋ ಊರು ನಮ್ದು, ಮನಿ ಬಾಡಿಗಿ ಬಂದಾಗ ಅದನ್ನ ಯಾಕ ಮರೀತಾರೋ. ನಾನು ಕೇಳೋದು ಕೆಲಸ ಏನು, ಎಷ್ಟು ಮಂದಿ ಇರ್ತೀರಿ, ಹಿಂದಿನ ಮಾಲಕರ ಫೋನ್ ನಂಬರ್ ಕೊಡ್ತೀರೇನು, ಇಷ್ಟೇ. ಸೇಡಂ ರೋಡಿಗಿ ಇಎಸ್ಐಸಿ ದವಾಖಾನಿ ಅದ, ಯೂನಿವರ್ಸಿಟಿ ಅದ, ಡ್ಯೂಟಿಗಿ ಬರೋ ನರ್ಸ್ ಹುಡುಗ್ಯಾರಿಗಿ ಮನಿ ಸಿಗೋದು ಎಷ್ಟು ಕಷ್ಟ ನನಗ ಗೊತ್ತದ, ನನ್ನ ಮನ್ಯಾಗ ಅತೀ ಹೆಚ್ಚು ದಿನ ಇದ್ದೋರೂ, ಒಂದು ತಾರೀಖಿಗೇ ಬಾಡಿಗಿ ಹಾಕಿದೋರೂ ಅವರೇ.

ಟ್ಯಾಕ್ಸ್ ಸಣ್ಣದ್ರಾಗ ಹೇಳ್ತೀನಿ, ಬಾಡಿಗಿ ರಿಟರ್ನ್ಸಿನಾಗ ತೋರ್ಸ್ರಿ. ಕಟ್ಟಿದ ಮನಿ ಟ್ಯಾಕ್ಸ್ ಕಳದು ಉಳಿದದ್ದರಾಗ 30 ಪರ್ಸೆಂಟ್ ಸೀದಾ ಕಡಿತ ಸಿಗ್ತದ, ರಿಪೇರಿ ರಸೀದಿ ಕೇಳಲ್ಲ. ಪಾಲಿಕಿ ಟ್ಯಾಕ್ಸ್ ಏಪ್ರಿಲ್ದಾಗ ಕಟ್ಟಿದ್ರ 5 ಪರ್ಸೆಂಟ್ ಬಿಡ್ತಾರ.

ಈಗ ಎರಡೂ ಸೇರಿ 19 ಸಾವಿರ ಬರ್ತದ, ಏಜೆಂಟ್ ಹೇಳಿದ 18 ಮುಟ್ಲಾಕ ಏಳು ವರ್ಷ ಹಿಡೀತು. ಮ್ಯಾಲಿನ ಮನಿ ಹುಡುಗಿಗಿ ಬೀದರಿಗಿ ಟ್ರಾನ್ಸ್‌ಫರ್ ಆಗ್ಯಾದ, ಐದು ವರ್ಷ ಇದ್ಲು, ಶನಿವಾರ ಸಾಮಾನು ತುಂಬ್ತಾಳ. ಆಕಿ ಹೇಳ್ಯಾಳ ಬಚ್ಚಲ ವಾಲ್ವ್ ಸೋರ್ಲಾಕತ್ತದ ಅಂತ, ಹೊಸಬರು ನೋಡ್ಲಾಕ ಬರೋದ್ರಾಗ ಪ್ಲಂಬರ್ ಕರೀಬೇಕು.