ರೇಟು ಇಲ್ಲದ ಅಡಿಕೆ

ಮಂಗಳೂರು ಬಂದರಿನ ಅಡಿಕೆ ವ್ಯಾಪಾರಿಯೊಬ್ಬರಿಗೆ ನಾನು ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ ಕೇಳಿದ್ದೆಲ್ಲ ಇತ್ತು. ಸ್ಟಾಕ್ ಬೇಕು ಅಂದಿದ್ದರು, ಕೊಟ್ಟೆ. ಬಿಲ್ ಬೇಕು ಅಂದಿದ್ದರು, ಜಿಎಸ್‌ಟಿ ಶೇ. 5 ಸೇರಿಸಿ ಅದನ್ನೂ ಕೊಟ್ಟೆ. ಎರಡು ತಿಂಗಳು ಬಿಟ್ಟು ಹೋಗಿ ನೋಡಿದರೆ, ರಿಪೋರ್ಟಿನಲ್ಲಿ ಏಳು ಗೋಣಿ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, 455 ರೂಪಾಯಿ!

"ರೇಟು ಹಾಕದಿದ್ರೆ ನಿಮ್ಮದು ಮುಂದೆ ಹೋಗುವುದಿಲ್ಲ ಅಲ್ವಾ? ಹಾಗೆ ಕಿಲೋಗೆ ಒಂದು ರೂಪಾಯಿ ಅಂತ ಹೊಡೆದದ್ದು" ಅಂದರು ಅಂಗಡಿಯ ಲೆಕ್ಕ ಬರೆಯುವ ರೈಟರು, ತಲೆ ಎತ್ತದೆ.

ಧಣಿಗಳ ಎದುರು ಕೂತು ಚಾ ಕುಡಿದು, ಏನೇನು ಬೇಕು ಅಂತ ಪಟ್ಟಿ ಬರೆದುಕೊಂಡು ಬಂದವನು ನಾನು. ರೈಟರ ಹತ್ತಿರ ಒಂದು ಮಾತೂ ಕೇಳಿರಲಿಲ್ಲ. ಆಮೇಲೆ ನಾಲ್ಕು ದಿನ ಲ್ಯಾಪ್‌ಟಾಪ್ ಬಿಚ್ಚದೆ ಅವರ ಪಕ್ಕದ ಸ್ಟೂಲಿನಲ್ಲಿ ಕೂತೆ.

ಎರಡನೇ ದಿನ ಸುಳ್ಯದ ಕಡೆಯ ಕೃಷಿಕರೊಬ್ಬರು ಪಿಕಪ್‌ನಲ್ಲಿ ಅಡಿಕೆ ತಂದರು. ತೂಕವಾಯಿತು. "ಇವತ್ತು ರೇಟು ಮಾಡುವುದು ಬೇಡ, ಏರುವವರೆಗೆ ಇಲ್ಲೇ ಇರಲಿ. ಮಗಳ ಫೀಸಿಗೆ ಇಪ್ಪತ್ತು ಸಾವಿರ ಕೊಡಿ." ರೈಟರು ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಹೆಸರು, ತೂಕ, ಕೊಟ್ಟ ಹಣ ಬರೆದು ಗೋಡೆಯ ತಂತಿಗೆ ಚುಚ್ಚಿದರು. ತಂತಿಯಲ್ಲಿ ಅಂಥ ಚೀಟಿ ಒಂದು ಗೇಣು ದಪ್ಪ ಇತ್ತು. ಅಂಗಡಿಯ ಅಸಲು ಲೆಕ್ಕ ಅದು.

ಒಳಗೆ ಹೆಂಗಸರು ಗೋಣಿ ಸುರಿದು ಹೆಕ್ಕುತ್ತಿದ್ದರು. ಒಂದೇ ಹೆಸರಿನಲ್ಲಿ ಬಂದ ಸರಕು ಸಂಜೆಯೊಳಗೆ ಚಾಲಿ, ಪಟೋರ, ಉಳ್ಳಿ, ಕೋಕ, ಕರಿಗೋಟು ಅಂತ ದರ್ಜೆವಾರು ಬೇರೆಯಾಗುತ್ತದೆ, ಒಂದೊಂದಕ್ಕೂ ಒಂದೊಂದು ರೇಟು. ಇಟ್ಟ ಹೊಸ ಅಡಿಕೆ ಹಳತಾದರೆ ಬೆಲೆ ಮತ್ತೆ ಬೇರೆ. ನಮ್ಮದೂ ಅಡಿಕೆ ತೋಟವೇ, ಅಪ್ಪನೂ ಹೀಗೆಯೇ ರೇಟು ಮಾಡದೆ ಇಟ್ಟು ಬರುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತಾಗ ಅದೊಂದೂ ನೆನಪಾಗಲಿಲ್ಲ ನೋಡಿ.

"ಎಂತ ಬೇಕು" ಅಂತ ಕೇಳುವುದನ್ನು ಅಲ್ಲಿಗೆ ಬಿಟ್ಟೆ. "ಕೊನೆಯ ಸಲ ಜಗಳ ಆದದ್ದು ಯಾವ ಲೆಕ್ಕಕ್ಕೆ?" ಅಂದೆ. ಧಣಿಗಳು ಅರ್ಧ ಗಂಟೆ ನಿಲ್ಲಿಸಲಿಲ್ಲ. ರೇಟು ಏರಿದ ಸಂಜೆ ಫೋನಿನ ಮೇಲೆ ಫೋನು, ಎಲ್ಲರಿಗೂ ಅವತ್ತೇ ರೇಟು ಮಾಡಬೇಕು. ಆಗ ಒಂದು ಚೀಟಿ ಸಿಗದಿದ್ದರೆ ಇಪ್ಪತ್ತು ವರ್ಷದ ಗಿರಾಕಿ ಪಕ್ಕದ ಅಂಗಡಿಗೆ.

ಈಗ ಹೆಸರು ಹೊಡೆದ ಕೂಡಲೇ ರೇಟಾಗದ ಅಡಿಕೆ ಎಷ್ಟು, ಕೊಟ್ಟ ಮುಂಗಡ ಎಷ್ಟು ಅಂತ ಬರುತ್ತದೆ. ಬಿಲ್ಲು ಎಲ್ಲೋ ಕೆಳಗೆ ಉಂಟು. ಕೃಷಿಕರಿಗೇ ಒಂದು ಆ್ಯಪ್ ಮಾಡುವ ಆಸೆಯೂ ಇತ್ತು ನನಗೆ. ಧಣಿಗಳು ಬೇಡವೇ ಬೇಡ ಅಂದರು: "ಅವರು ಫೋನ್ ಮಾಡಿದ್ರೆ ಅಲ್ವಾ ಮಾರಾಯ್ರೆ, ಈ ಸಲ ಫಸಲು ಹೇಗುಂಟು ಅಂತ ನನಗೆ ಗೊತ್ತಾಗುವುದು?"

ತಂತಿ ಇನ್ನೂ ಅಲ್ಲೇ ಇದೆ. ಚೀಟಿ ಮಾತ್ರ ಸಣ್ಣ ಪ್ರಿಂಟರಿನಿಂದ ಬರುತ್ತದೆ, ಮೇಲ್ಗಡೆ ಒಂದು ಇಂಚು ಖಾಲಿ ಬಿಟ್ಟು. ತೂತು ಸರಿಯಾಗಿ ಹೆಸರಿನ ಮೇಲೇ ಬೀಳುತ್ತದೆ ಅಂತ ರೈಟರು ಬೈದಿದ್ದರು.