ಕಾವಿಯಲ್ಲಿ ಬರೆದವರ ಬೆನ್ನು ಹತ್ತಿ

‘ಸುರಂಗದ ನೀರು ಸತ್ತಿಲ್ಲ. ರಾತ್ರಿ ತಿರುಗಿಸುತ್ತಾರೆ. ಎಲ್ಲರಿಗೂ ಗೊತ್ತು.’

ವಿಜಯಪುರದ ತಾಜ್ ಬಾವಡಿಯ ಹತ್ತಿರ, ಒಂದು ಕಾಂಪೌಂಡ್ ಗೋಡೆಯ ಮೇಲೆ ಕಾವಿಯಲ್ಲಿ ಬರೆದಿತ್ತು. ಕೆಳಗೆ ಹೆಸರಿಲ್ಲ. ಅರ್ಥಕ್ಕಿಂತ ಮೊದಲು ಅಕ್ಷರ ನನ್ನ ಕಣ್ಣಿಗೆ ಬಿತ್ತು. ಮೂವತ್ತು ವರ್ಷ ಬೋರ್ಡು ಬರೆದು ಹೊಟ್ಟೆ ಹೊರೆದವನು ನಾನು. ಫ್ಲೆಕ್ಸ್ ಬಂದು ಕೈಗೆ ಕೆಲಸವಿಲ್ಲದಂತಾಯಿತು. ಗೋಡೆ ಓದುವ ಚಾಳಿ ಮಾತ್ರ ಹೋಗಲಿಲ್ಲ.

ಮಾತಿಗೆ ಬುಡವೇ ಇಲ್ಲ ಎನ್ನುವಂತಿರಲಿಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ಊರೊಳಗೆ ನೆಲದಡಿಯ ಸುರಂಗದಲ್ಲಿ ನೀರು ಬರುತ್ತಿತ್ತು. ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ನಳದ ಮುಂದೆ ಕೊಡವಿಟ್ಟು ಕಾಯುವ ಓಣಿಗಳಲ್ಲಿ ಇಂಥ ಮಾತು ಬೇಗ ನಾಟುತ್ತದೆ.

ಮೂರು ತಿಂಗಳಲ್ಲಿ ಇಂಥ 11 ಬರಹಗಳು ಸಿಕ್ಕವು. ನೋಟುಬುಕ್ಕಿನಲ್ಲಿ ದಿನ, ಜಾಗ, ಬಣ್ಣ, ನೆಲದಿಂದ ಸಾಲಿನ ಎತ್ತರ ಬರೆದುಕೊಳ್ಳುತ್ತ ಹೋದೆ. ಮೊಬೈಲಿನಲ್ಲಿ ತೆಗೆದ ಮೊದಲ ನಾಲ್ಕು ಫೋಟೊಗಳು ಕೆಲಸಕ್ಕೆ ಬರಲಿಲ್ಲ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿಯುವುದನ್ನು ಮರೆತಿದ್ದೆ. ನಿಂತು ಬರೆಯುವವರ ಕೈ ಸಾಮಾನ್ಯವಾಗಿ ಕಣ್ಣಿನ ಮಟ್ಟಕ್ಕೇ ಹೋಗುತ್ತದೆ. ಇಲ್ಲಿನ ಸಾಲುಗಳೆಲ್ಲ 4 ಅಡಿ 8 ಇಂಚಿನ ಆಸುಪಾಸು. ಬೆನ್ನು ಬಾಗಿದ ಮುದುಕರಿರಬೇಕು ಎಂದು ಲೆಕ್ಕ ಹಾಕಿದೆ. ಕಾವಿಗೆ ಅಂಟು ಬೆರೆಸಿದ್ದರು. ಬೆರಳಿನಿಂದ ಉಜ್ಜಿದರೂ ಪುಡಿ ಬರಲಿಲ್ಲ.

ಆದರೆ ನಿಜವಾದ ಸುಳಿವು ಇದ್ದದ್ದು ಸಾಲಿನ ಕೊನೆಯಲ್ಲಿ. ರೂಢಿಯಿಲ್ಲದವರು ದೊಡ್ಡ ಅಕ್ಷರದಿಂದ ಶುರು ಮಾಡಿ, ಗೋಡೆ ಮುಗಿಯುತ್ತ ಬಂದಂತೆ ಕುಗ್ಗಿಸಿ, ಕೊನೆಯದನ್ನು ಮೂಲೆಗೆ ತುರುಕುತ್ತಾರೆ. ಇಲ್ಲಿ ಅಕ್ಷರ ಎಣಿಸಿ ಜಾಗ ಹಂಚಿತ್ತು. ‘ಸತ್ತಿಲ್ಲ’ದ ಒತ್ತು ಕೆಳಗಿನ ಸಾಲನ್ನು ತುಳಿದಿರಲಿಲ್ಲ. ಒತ್ತಿಗೆ ಮೊದಲೇ ಜಾಗ ಬಿಡುವುದನ್ನು ನಮ್ಮ ಕಸುಬಿನವರು ಬೈಗುಳ ತಿಂದೇ ಕಲಿಯುತ್ತಾರೆ.

ಈ ದಂಧೆಗೆ ನಾನೂ ಹೊಸಬನಲ್ಲ ಎನ್ನಿ. 1990ರ ದಶಕದಲ್ಲಿ ದೆವ್ವ ಬಂದು ಬಾಗಿಲು ಬಡಿಯುತ್ತದೆಂಬ ಪುಕಾರು ರಾಜ್ಯದಲ್ಲಿ ಹಬ್ಬಿದಾಗ, ಬಾಗಿಲಿಗೆ ಎರಡು ರೂಪಾಯಿಯಂತೆ ‘ನಾಳೆ ಬಾ’ ಬರೆದುಕೊಟ್ಟಿದ್ದೆ. ಪುಕಾರು ಹುಟ್ಟಿಸಿದವರು ಯಾರೆಂದು ಆಗ ಕೇಳಲಿಲ್ಲ, ಕೂಲಿ ಸಿಕ್ಕಿತ್ತು.

ಅಮೆರಿಕದ ಫಿಲಡೆಲ್ಫಿಯಾ ಮತ್ತಿತರ ಊರುಗಳ ರಸ್ತೆಗಳಲ್ಲಿ 1980ರ ದಶಕದಿಂದ ಕಾಣಿಸಿಕೊಂಡ ‘ಟಾಯ್ನ್‌ಬೀ’ ಬಿಲ್ಲೆಗಳ ಬಗ್ಗೆ ನನ್ನ ಮಗ ಓದಿ ಹೇಳಿದ. ಸತ್ತವರನ್ನು ಗುರುಗ್ರಹದಲ್ಲಿ ಬದುಕಿಸಿ ಎಂಬ ಮಾತು ಅವುಗಳ ಮೇಲೆ. ಅರ್ಥ ಹಾಗಿರಲಿ, ಕೈಚಳಕಕ್ಕೆ ತಲೆದೂಗಿದೆ: ಲಿನೋಲಿಯಂ ಕತ್ತರಿಸಿ ಮಾಡಿದ ಅಕ್ಷರಗಳನ್ನು ಡಾಂಬರು ಕಾಗದದಲ್ಲಿ ಮುಚ್ಚಿ ರಸ್ತೆಯ ಮೇಲೆ ಇಟ್ಟರೆ, ಬಿಸಿಲೂ ವಾಹನಗಳ ಚಕ್ರಗಳೂ ಸೇರಿ ಅವನ್ನು ನೆಲಕ್ಕೆ ಕೂರಿಸುತ್ತವೆ. ಬರೆದವರು ಅಲ್ಲಿ ನಿಲ್ಲಬೇಕಾಗಿಯೇ ಇಲ್ಲ. ನಮ್ಮ ಕಾವಿಯವರು ಮಾತ್ರ ಅಷ್ಟೂ ಹೊತ್ತು ಗೋಡೆಯ ಮುಂದೆ ನಿಂತಿರಲೇಬೇಕು. ಆದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಸುಬು ಬಲ್ಲವರು, ಬೆನ್ನು ಬಾಗಿದವರು. ನನಗೆ ಹೊಳೆದದ್ದು ಒಂದೇ ಹೆಸರು. ಕುಂಚ ಹಿಡಿಯಲು ಕಲಿಸಿದ ಉಸ್ತಾದರ ಮನೆಗೆ ಹೋಗಿ, ನಾಚಿಕೆಯಿಲ್ಲದೆ ಕೇಳಿಯೇಬಿಟ್ಟೆ: “ಉಸ್ತಾದ್, ಇದು ನಿಮ್ಮ ಕೆಲಸವೇ?”

ಅವರು ಚಹಾದ ಲೋಟ ಕೆಳಗಿಟ್ಟು ಬಲಗೈ ಚಾಚಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು.

“ಈ ಕೈಯಲ್ಲೇ?”

ನಾನು ತಲೆ ತಗ್ಗಿಸಿದೆ. ಅವರು ಫೋಟೊಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಈ ‘ಗ’ ನೋಡು. ಬಲಗಾಲು ಗೆರೆಯ ಕೆಳಗೆ ಇಳಿದಿದೆ. ಎಷ್ಟು ಬೈದರೂ ನೀನು ಬಿಡದ ಚಟ ಇದು. ಯಾರೋ ನಿನ್ನ ಬೋರ್ಡು ನೋಡಿ ಕಲಿತಿದ್ದಾರೆ.”

ನನ್ನ ಬೋರ್ಡುಗಳಲ್ಲಿ ಉಳಿದಿರುವುದು ಒಂದೇ, ತೊರವಿ ರಸ್ತೆಯ ಹಿಟ್ಟಿನ ಗಿರಣಿಯದು. ಮರುದಿನ ಹೋದೆ. ಡಬ್ಬಿ ಇಟ್ಟು ಪಾಳಿ ಕಾಯುವ ಮಕ್ಕಳು ಒರಗುವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏಳೆಂಟು ‘ಗ’ ಸಾಲಾಗಿದ್ದವು. ಎಲ್ಲದರ ಬಲಗಾಲೂ ಕೆಳಕ್ಕೆ. ಪಟ್ಟಿ ಹಿಡಿದು ಅಳೆದೆ: 4 ಅಡಿ 8 ಇಂಚು.

“ಏನು ಕಾಕಾ, ಬೋರ್ಡು ಹೊಸದು ಮಾಡಲು ಬಂದಿರಾ?” ಎಂದ ಗಿರಣಿಯವನು.

ಹೌದು ಎಂದು, ಪಟ್ಟಿಯನ್ನು ಮೇಲಕ್ಕೆತ್ತಿ ಬೋರ್ಡಿನ ಅಗಲ ಅಳೆಯತೊಡಗಿದೆ.